ದೀಪ ಆರಿತು, ಸೋರಿಕೆ ನಿಲ್ಲಲಿಲ್ಲ



ನಿಂತ ಕಾರು ಮಾಲಿನ್ಯ ಮಾಡುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಎಂಜಿನ್ ಓಡಿದರೆ ಹೊಗೆ, ಹೊಗೆಯಿದ್ದರೆ ಮಾಲಿನ್ಯ. ಚಾವಿ ತಿರುಗಿಸಿ ಮನೆಯೊಳಗೆ ಹೋದ ಮೇಲೆ ಎಲ್ಲವೂ ಶಾಂತ ಎಂದುಕೊಂಡಿದ್ದೇವೆ. ನಾನೂ ಹಾಗೆಯೇ ತಿಳಿದಿದ್ದೆ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ ನಡೆದ ಪ್ರಸಂಗವೊಂದು ಆ ತಿಳಿವಳಿಕೆಯನ್ನು ಅಲುಗಾಡಿಸಿತು. ಅದನ್ನು ಇಲ್ಲಿ ಬರೆಯುತ್ತಿರುವುದು ನನ್ನ ಗೋಳು ತೋಡಿಕೊಳ್ಳುವುದಕ್ಕಲ್ಲ. ಒಂದು ಗೇಣುದ್ದದ ರಬ್ಬರ್ ಪೈಪಿನ ಸೀಳು ನಮ್ಮ ದೇಶದ ವಾಹನ ಕಾನೂನಿನಲ್ಲಿರುವ ದೊಡ್ಡ ಸೀಳನ್ನು ನನಗೆ ತೋರಿಸಿಕೊಟ್ಟಿತು ಎಂಬ ಕಾರಣಕ್ಕೆ.

ಮಳೆ ಹಿಡಿದ ಮೇಲೆ ಇಲಿಗಳು ಬೆಚ್ಚಗಿನ ಜಾಗ ಹುಡುಕುವುದು ಮಲೆನಾಡಿನವರಿಗೆ ಹೊಸ ಸುದ್ದಿಯಲ್ಲ. ನಮ್ಮ ಕಾರಿನ ಬಾನೆಟ್ಟಿನ ಅಡಿಯಲ್ಲಿ ಒಂದು ಇಲಿ ಸಂಸಾರ ಹೂಡಿತು. ಕೆಲವೇ ದಿನಗಳಲ್ಲಿ 'ಚೆಕ್ ಎಂಜಿನ್' ಎಂಬ ಹಳದಿ ದೀಪ ಹೊತ್ತಿಕೊಂಡಿತು. ಅದೇ ಹೊತ್ತಿಗೆ ಬೆಳಗಿನ ಜಾವ ಶೆಡ್ಡಿನಲ್ಲಿ ಪೆಟ್ರೋಲಿನ ವಾಸನೆ ಬರತೊಡಗಿತು. ಪೇಟೆಯ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಕಾರನ್ನು ಒಯ್ದೆ. ಅಲ್ಲಿಯ ಹುಡುಗ ಸ್ಕ್ಯಾನರ್ ಜೋಡಿಸಿದ. ಪರ್ಜ್ ವಾಲ್ವ್ ಎಂಬ ಭಾಗದ ಸರ್ಕ್ಯೂಟಿನಲ್ಲಿ ದೋಷವಿದೆ ಎಂದು ಕೋಡ್ ಬಂತು. ಇಲಿ ಕಡಿದ ತಂತಿಯನ್ನು ಜೋಡಿಸಿದ, ಕೋಡ್ ಅಳಿಸಿದ, ದೀಪ ಆರಿತು, ಬಿಲ್ಲು ಕೈಗೆ ಬಂತು. "ಹಾಗಾದರೆ ವಾಸನೆ?" ಎಂದು ಕೇಳಿದೆ. "ಕೋಡ್ ಏನೂ ಇಲ್ಲ ಸಾರ್, ಗಾಡಿ ಸರಿ ಇದೆ. ಬೇಕಿದ್ರೆ ಕ್ಯಾನಿಸ್ಟರ್ ಸೆಟ್ ಪೂರ್ತಿ ಚೇಂಜ್ ಮಾಡಿಕೊಡ್ತೀವಿ" ಎಂದ. ಹೇಳಿದ ಬೆಲೆ ಹಲವು ಸಾವಿರ.

ವಾಸನೆ ನಿಲ್ಲಲಿಲ್ಲ. ನಮ್ಮ ಶೆಡ್ಡಿನ ಹಿಂಗೋಡೆಗೆ ತಾಗಿಕೊಂಡೇ ಬಚ್ಚಲುಮನೆಯಿದೆ. ಬೆಳಗ್ಗೆ ಐದು ಗಂಟೆಗೆಲ್ಲ ಹಂಡೆಯೊಲೆಗೆ ಬೆಂಕಿ ಹಾಕುತ್ತಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು, ನೆಲಕ್ಕಂಟಿ ಹರಿಯುವಂಥದ್ದು. ಗಾಳಿಯಲ್ಲಿ ಶೇ. 1.4ರಷ್ಟು ಬೆರೆತಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಇದು ಗೊತ್ತಿದ್ದ ನನಗೆ ನಿದ್ದೆ ಬರಲಿಲ್ಲ. ಕಡೆಗೆ ನಮ್ಮೂರಿನ ಕ್ರಾಸಿನಲ್ಲಿ ಸಣ್ಣ ಗ್ಯಾರೇಜ್ ಇಟ್ಟುಕೊಂಡಿರುವ ಮೆಕ್ಯಾನಿಕ್ಕನನ್ನು ಕರೆಸಿದೆ. ಆತ ಯಾವ ಯಂತ್ರವನ್ನೂ ತರಲಿಲ್ಲ. ಬಾನೆಟ್ ಎತ್ತಿ, ಬಗ್ಗಿ ಮೂಸಿ ನೋಡಿದ. ಒಂದೊಂದೇ ಪೈಪಿನ ಅಡಿಗೆ ಬೆರಳಾಡಿಸಿದ. ಕಣ್ಣಿಗೆ ಕಾಣದ ಕೆಳಭಾಗದಲ್ಲಿ ಇಲಿಯ ಹಲ್ಲು ಮಾಡಿದ ಸೀಳು ಸಿಕ್ಕಿತು. ಒಂದು ತುಂಡು ಪೈಪು, ಎರಡು ಕ್ಲಿಪ್ಪು. ಅರ್ಧ ತಾಸಿನ ಕೆಲಸ. ಕೈ ಒರೆಸಿಕೊಳ್ಳುತ್ತ, "ಮೇಷ್ಟ್ರೇ, ಲೈಟು ಇರೋದು ವೈರಿಗೆ. ಪೈಪಿಗೆ ಲೈಟಿಲ್ಲ" ಎಂದ.

ಈ ಮಾತಿನ ಜಾಡು ಹಿಡಿದು ಓದುತ್ತ ಹೋದಂತೆ, ಆತ ಹೇಳಿದ್ದು ನಮ್ಮ ಕಾರೊಂದರ ಕಥೆಯಲ್ಲ, ನಮ್ಮ ದೇಶದ ನೀತಿಯ ಸಾರಾಂಶ ಎಂಬುದು ಮನದಟ್ಟಾಯಿತು.

ಟ್ಯಾಂಕೂ ಉಸಿರಾಡುತ್ತದೆ

ಪೆಟ್ರೋಲು ಹಲವು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಕೆಲವು ಕೋಣೆಯ ಸಾಮಾನ್ಯ ಶಾಖಕ್ಕೇ ಆವಿಯಾಗಿ ಏಳುತ್ತವೆ. ಹಗಲು ಬಿಸಿಲೇರಿದಂತೆ ಟ್ಯಾಂಕಿನೊಳಗಿನ ಆವಿ ಹಿಗ್ಗಿ ಹೊರಕ್ಕೆ ಒತ್ತುತ್ತದೆ. ರಾತ್ರಿ ತಣಿದಾಗ ಹೊರಗಿನ ಗಾಳಿಯನ್ನು ಟ್ಯಾಂಕು ಒಳಕ್ಕೆ ಎಳೆದುಕೊಳ್ಳುತ್ತದೆ. ಪೂರ್ತಿ ಬಿಗಿದು ಮುಚ್ಚಿದರೆ ಉಬ್ಬುತ್ತದೆ, ಇಲ್ಲವೇ ಕುಗ್ಗಿ ಬಿರಿಯುತ್ತದೆ. ಆದ್ದರಿಂದ ಅದಕ್ಕೊಂದು ಉಸಿರುದಾರಿ ಇರಲೇಬೇಕು. ಹಳೆಯ ಕಾರುಗಳಲ್ಲಿ ಆ ದಾರಿ ನೇರವಾಗಿ ಬಯಲಿಗೆ ತೆರೆದಿರುತ್ತಿತ್ತು.

ಗುಡ್ಡಗಾಡಿನವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು 600 ಮೀಟರ್ ಏರಿದರೆ ಶೇ. 7ರಷ್ಟು ಕಡಿಮೆಯಾಗುತ್ತದೆ. ಕರಾವಳಿಯ ಬಿಸಿಲಿನಲ್ಲಿ ಟ್ಯಾಂಕು ತುಂಬಿಸಿಕೊಂಡು ಆಗುಂಬೆ ಘಾಟಿ ಏರಿ ಬಂದ ಕಾರಿನ ಟ್ಯಾಂಕು ಏದುಸಿರು ಬಿಡುತ್ತಿರುತ್ತದೆ. ಜೋಗದ ನಿಲುಗಡೆಯಲ್ಲಿ ರಜೆಯ ದಿನ ಸಾಲುಗಟ್ಟಿ ಬಿಸಿಲು ಕಾಯುವ ನೂರಾರು ಕಾರುಗಳ ಟ್ಯಾಂಕುಗಳೂ ಅಷ್ಟೇ.

ಈ ಉಸಿರನ್ನು ಹಿಡಿಯಲು ಕಾರಿನಲ್ಲಿ ಇದ್ದಿಲು ತುಂಬಿದ ಡಬ್ಬಿಯೊಂದಿದೆ. ಗ್ಯಾರೇಜಿನವರು ಕ್ಯಾನಿಸ್ಟರ್ ಎನ್ನುವುದು ಇದನ್ನೇ. ವಿಶೇಷವಾಗಿ ಸಂಸ್ಕರಿಸಿದ ಆ ಇದ್ದಿಲ ಕಾಳುಗಳು ಪೆಟ್ರೋಲಿನ ಆವಿಯನ್ನು ತಮ್ಮ ಸೂಕ್ಷ್ಮರಂಧ್ರಗಳಲ್ಲಿ ಹಿಡಿದಿಟ್ಟುಕೊಂಡು ಬರಿಯ ಗಾಳಿಯನ್ನು ಹೊರಗೆ ಬಿಡುತ್ತವೆ. ಆದರೆ ಇದ್ದಿಲಿಗೂ ಹೊಟ್ಟೆ ತುಂಬುತ್ತದೆ. ಆಗ ಅದನ್ನು ಬರಿದು ಮಾಡಬೇಕು. ಎಂಜಿನ್ ಕಾದು ಓಡುತ್ತಿರುವಾಗ ಕಾರಿನ ಕಂಪ್ಯೂಟರ್ ಪರ್ಜ್ ವಾಲ್ವನ್ನು ತೆರೆಯುತ್ತದೆ. ಎಂಜಿನ್ನಿನ ಸೆಳೆತಕ್ಕೆ ಸಿಕ್ಕಿ ಹೊರಗಿನ ಗಾಳಿ ಇದ್ದಿಲಿನ ಮೂಲಕ ಹಾದು, ಹಿಡಿದಿಟ್ಟ ಆವಿಯನ್ನು ಬಿಡಿಸಿಕೊಂಡು ಎಂಜಿನ್ನಿಗೆ ಒಯ್ಯುತ್ತದೆ. ಗಾಳಿಗೆ ಸೇರಬೇಕಾಗಿದ್ದ ವಿಷ ಹೀಗೆ ಇಂಧನವಾಗಿ ಉರಿಯುತ್ತದೆ. ನಮ್ಮ ಕಾರಿನಲ್ಲಿ ಇಲಿ ಸೀಳಿದ್ದು ಡಬ್ಬಿಗೂ ವಾಲ್ವಿಗೂ ನಡುವಿನ ಪೈಪನ್ನು. ವಾಲ್ವು ತೆರೆದಾಗಲೆಲ್ಲ ಎಂಜಿನ್ನು ಸೀಳಿನಿಂದ ಹೊರಗಾಳಿಯನ್ನು ಹೀರುತ್ತಿತ್ತೇ ಹೊರತು ಇದ್ದಿಲನ್ನು ಬರಿದು ಮಾಡುತ್ತಿರಲಿಲ್ಲ. ತುಂಬಿ ತುಳುಕಿದ ಡಬ್ಬಿ ರಾತ್ರಿಯಿಡೀ ಶೆಡ್ಡಿಗೆ ಆವಿ ಬಿಡುತ್ತಿತ್ತು.

ಈ ವ್ಯವಸ್ಥೆ ಯಾರ ಔದಾರ್ಯದಿಂದಲೂ ಬಂದದ್ದಲ್ಲ. ಲಾಸ್ ಏಂಜಲೀಸ್ ನಗರ ಹೊಗೆಮಂಜಿನಲ್ಲಿ ಕಣ್ಣುರಿದು ಅಳುತ್ತಿದ್ದಾಗ, ಅನಾನಸಿನ ಪರಿಮಳದ ಮೇಲೆ ಸಂಶೋಧನೆ ನಡೆಸಿದ್ದ ರಸಾಯನವಿಜ್ಞಾನಿ ಏರೀ ಹಾಗೆನ್-ಸ್ಮಿತ್ ಅದರ ಮೂಲ ಹುಡುಕಿದರು. ಉರಿಯದ ಹೈಡ್ರೋಕಾರ್ಬನ್ನು ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಝೋನ್ ಹುಟ್ಟುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಆಕಾಶದಲ್ಲಿದ್ದರೆ ಕೊಡೆ, ನೆಲಮಟ್ಟದಲ್ಲಿದ್ದರೆ ವಿಷ ಎನ್ನುವ ಅದೇ ಓಝೋನ್. ಕಾರು ಕಂಪನಿಗಳು ಈ ವಾದವನ್ನು ಬಹುಕಾಲ ಒಪ್ಪಲಿಲ್ಲ. ಕೊನೆಗೆ 1970ರ ಮಾದರಿಗಳಿಂದ ಕ್ಯಾಲಿಫೋರ್ನಿಯಾದಲ್ಲಿ, 1971ರ ಮಾದರಿಗಳಿಂದ ಅಮೆರಿಕದಾದ್ಯಂತ ಆವಿ ಹಿಡಿಯುವ ವ್ಯವಸ್ಥೆ ಕಡ್ಡಾಯವಾಯಿತು. ಜನ ಕೆಮ್ಮಿದ್ದರಿಂದ ಬಂದ ಕಾನೂನು ಅದು.

ಕಾನೂನು ತಂತಿಯನ್ನು ಮಾತ್ರ ಕೇಳುತ್ತದೆ

ಇದ್ದಿಲ ಡಬ್ಬಿ ಇಟ್ಟರೆ ಸಾಲದು, ಅದು ವರ್ಷಗಟ್ಟಲೆ ಕೆಲಸ ಮಾಡುತ್ತಿದೆಯೇ ಎಂದು ಯಾರಾದರೂ ನೋಡಬೇಕಲ್ಲವೇ? ಅಮೆರಿಕದಲ್ಲಿ 1996ರ ಮಾದರಿಗಳಿಂದ ಆ ಹೊಣೆಯನ್ನು ಕಾರಿನ ಕಂಪ್ಯೂಟರಿಗೇ ವಹಿಸಿದರು. ಕಾರು ತಾನಾಗಿ ತನ್ನ ಉಸಿರುದಾರಿಯನ್ನು ಮುಚ್ಚಿಕೊಂಡು, ಟ್ಯಾಂಕಿನಲ್ಲಿ ಅಲ್ಪ ಸೆಳೆತವನ್ನೋ ಒತ್ತಡವನ್ನೋ ಹುಟ್ಟಿಸಿ, ಅದು ನಿಲ್ಲುತ್ತದೆಯೇ ಇಳಿಯುತ್ತದೆಯೇ ಎಂದು ಅಳೆಯುತ್ತದೆ. ಮೊದಲು 1 ಮಿ.ಮೀ. ವ್ಯಾಸದ ತೂತನ್ನು ಪತ್ತೆಹಚ್ಚಬೇಕೆಂಬ ನಿಯಮವಿತ್ತು. 2000ದ ಮಾದರಿಗಳಿಂದ ಹಂತಹಂತವಾಗಿ ಅದು 0.5 ಮಿ.ಮೀ.ಗೆ ಇಳಿಯಿತು. ದೊಡ್ಡ ಸೋರಿಕೆಗೆ ಪಿ0455, ಸಣ್ಣದಕ್ಕೆ ಪಿ0442, ಸೂಜಿಮೊನೆಯಷ್ಟು ಸಣ್ಣದಕ್ಕೆ ಪಿ0456 ಎಂದು ಬೇರೆ ಬೇರೆ ಕೋಡುಗಳಿವೆ. ಅಲ್ಲಿ ಪೆಟ್ರೋಲ್ ಮುಚ್ಚಳವನ್ನು ಸಡಿಲ ಬಿಟ್ಟರೂ ದೀಪ ಹೊತ್ತಿಕೊಳ್ಳುತ್ತದೆ.

ನಮ್ಮಲ್ಲಿ? 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಮಾನದಂಡವನ್ನು ಜಗತ್ತಿನ ಅತ್ಯುತ್ತಮ ಮಾನದಂಡಗಳ ಸಾಲಿಗೆ ಸೇರಿಸಿ ಹೊಗಳಲಾಯಿತು. ಸೈಲೆನ್ಸರಿನ ಹೊಗೆಯ ಮಟ್ಟಿಗೆ ಆ ಹೊಗಳಿಕೆಯಲ್ಲಿ ಹುರುಳಿದೆ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಆವಿಯ ವಿಷಯಕ್ಕೆ ಬಂದಾಗ ನಾವು ಯೂರೋಪಿನ ನಿಯಮವನ್ನು ಇದ್ದಂತೆ ಎತ್ತಿಕೊಂಡೆವು. ಆ ನಿಯಮ ಕಾರಿನ ಕಂಪ್ಯೂಟರಿನಿಂದ ಕೇಳುವುದು ಕನಿಷ್ಠ ಒಂದೇ ಪ್ರಶ್ನೆ: ಪರ್ಜ್ ವಾಲ್ವಿಗೆ ಹೋಗುವ ವಿದ್ಯುತ್ ಸಂಪರ್ಕ ಕಡಿಯದೆ ಇದೆಯೇ? ಪೈಪು ಸೀಳಿದೆಯೇ, ಡಬ್ಬಿ ಒಡೆದಿದೆಯೇ, ಮುಚ್ಚಳ ಬಿಗಿಯಾಗಿದೆಯೇ ಎಂದು ಕೇಳುವ ಕಡ್ಡಾಯವಿಲ್ಲ. 'ಪೈಪಿಗೆ ಲೈಟಿಲ್ಲ' ಎಂದರೆ ಇದೇ.

ಆವಿಗೂ ಮಿತಿಯಿದೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ನಿಜ, ಇದೆ. ಹೊಸ ಮಾದರಿಯ ಕಾರನ್ನು ಗಾಳಿಯಾಡದ ಕೋಣೆಯಲ್ಲಿಟ್ಟು, ಎಂಜಿನ್ ಆರಿಸಿದ ಮೇಲಿನ ಒಂದು ಗಂಟೆ ಹಾಗೂ ಹಗಲುರಾತ್ರಿಯ ಶಾಖದ ಏರಿಳಿತದ 24 ಗಂಟೆ ಸೇರಿ ಅದು ಬಿಡುವ ಆವಿ 2 ಗ್ರಾಂ ಮೀರಬಾರದು ಎಂಬ ನಿಯಮವಿದೆ. ಅಮೆರಿಕದಲ್ಲಿ 2017ರಿಂದ 2022ರ ನಡುವೆ ಜಾರಿಗೆ ಬಂದ ಮಾನದಂಡದಲ್ಲಿ ಸಾಧಾರಣ ಕಾರಿಗಿರುವ ಮಿತಿ 0.3 ಗ್ರಾಂ. ಪರೀಕ್ಷೆಯ ವಿಧಾನಗಳು ಒಂದೇ ಅಲ್ಲವಾದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಅಂತರ ಸಣ್ಣದಲ್ಲ. ಅದಕ್ಕಿಂತ ಮುಖ್ಯವಾದುದು, ಆ ಮುಚ್ಚಿದ ಕೋಣೆಗೆ ಹೋಗುವುದು ಕಂಪನಿಯ ಮಾದರಿ ಕಾರು. ಇಲಿ ಕಡಿದ, ಕೆಮ್ಮಣ್ಣು ತುಂಬಿದ, ಹತ್ತು ಮಳೆಗಾಲ ಕಂಡ ನಿಮ್ಮ ಕಾರಲ್ಲ. 2023ರ ಏಪ್ರಿಲ್‌ನಿಂದ ಕಾರುಗಳ ಹೊಗೆಯನ್ನು ರಸ್ತೆಯ ಮೇಲೆಯೇ ಅಳೆಯುವ ಕ್ರಮ ಬಂತು. ಒಳ್ಳೆಯದೇ ಆಯಿತು, ಆದರೆ ಅದೂ ಸೈಲೆನ್ಸರಿನ ಬಾಯಿ ಬಿಟ್ಟು ಕದಲುವುದಿಲ್ಲ.

ಇನ್ನು ನಾವು ಕಾಲಕಾಲಕ್ಕೆ ಮಾಡಿಸುವ ಎಮಿಷನ್ ಟೆಸ್ಟ್. ಸೈಲೆನ್ಸರಿಗೆ ಕೊಳವೆ ತೂರಿಸಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಎಷ್ಟಿದೆ ಎಂದು ನೋಡುತ್ತಾರೆ. ಅದಿಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ 10,000 ರೂ.ವರೆಗೆ ದಂಡ. ಇಷ್ಟೊಂದು ಬಿಗಿ ಮಾಡಿದವರು ಬಾನೆಟ್ಟನ್ನು ಎತ್ತಿ ನೋಡುವುದಿಲ್ಲ, ಪೆಟ್ರೋಲ್ ಮುಚ್ಚಳವನ್ನು ಮುಟ್ಟಿಯೂ ನೋಡುವುದಿಲ್ಲ. ಅರ್ಧ ಸೀಳಿದ ಪೈಪಿನ ನಮ್ಮ ಕಾರು ಅದೇ ತಿಂಗಳು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿತ್ತು! ಇದು ಮಾಡಲಾಗದ ಕೆಲಸವೆಂದು ಯಾರೂ ಹೇಳದಿರಲಿ. ಕ್ಯಾಲಿಫೋರ್ನಿಯಾದಲ್ಲಿ 2007ರ ಡಿಸೆಂಬರಿನಿಂದ, ಸ್ವಯಂ ತಪಾಸಣೆಯ ಶಕ್ತಿಯಿಲ್ಲದ ಹಳೆಯ ಕಾರುಗಳ ಟ್ಯಾಂಕಿಗೆ ಅಲ್ಪ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸುವ ಕ್ರಮವಿದೆ. ಚೀನಾ ಕೂಡ 2020ರಿಂದ ಹಂತಹಂತವಾಗಿ ತಂದ ತನ್ನ ಆರನೆಯ ಮಾನದಂಡದಲ್ಲಿ ಯೂರೋಪಿನ ದಾರಿ ಬಿಟ್ಟು, ಆವಿಯ ವಿಷಯದಲ್ಲಿ ಅಮೆರಿಕದ ಬಿಗಿ ಕ್ರಮವನ್ನು ಆರಿಸಿಕೊಂಡಿತು. ನಮ್ಮದು ಅವರಿಗಿಂತ ತಂಪು ದೇಶವೇನೂ ಅಲ್ಲವಲ್ಲ!

ದೋಷ ಹುಡುಕುವ ಸರಿಯಾದ ದಾರಿ

ಕಾನೂನು ಕಣ್ಣು ತೆರೆಯುವವರೆಗೆ ನಾವು ಕಣ್ಣು ಮುಚ್ಚಿ ಕೂರಬೇಕಾಗಿಲ್ಲ. ನಮ್ಮ ಮೆಕ್ಯಾನಿಕ್ಕನೊಂದಿಗೆ ಕೂತು, ಓದಿದ್ದನ್ನೂ ಆತನ ಅನುಭವವನ್ನೂ ಸೇರಿಸಿ ಬರೆದುಕೊಂಡ ಕ್ರಮ ಇಲ್ಲಿದೆ. ಮೊದಲೇ ಎಚ್ಚರಿಕೆ: ಈ ಕೆಲಸ ಬಯಲಿನಲ್ಲಿ, ತಣ್ಣಗಿನ ಎಂಜಿನ್ನಿನಲ್ಲಿ ನಡೆಯಲಿ. ಬೀಡಿ, ಊದುಬತ್ತಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನು ಟ್ಯಾಂಕಿನ ಪೈಪಿಗೆ ಹಿಡಿಯಲೇಬಾರದು, ಟ್ಯಾಂಕು ಬಿರಿದೀತು.

1. ಮೂಗಿನಿಂದ ಆರಂಭಿಸಿ. ರಾತ್ರಿ ನಿಂತ ಕಾರಿನ ಮುಂದೆ, ಹಿಂದೆ, ಮುಚ್ಚಳದ ಬಳಿ ಬೇರೆ ಬೇರೆಯಾಗಿ ಮೂಸಿ ನೋಡಿ. ವಾಸನೆ ಎಲ್ಲಿ ದಟ್ಟವೋ ಅಲ್ಲಿಂದ ಹುಡುಕಾಟ ಶುರುವಾಗಲಿ. ಪೆಟ್ರೋಲು ಹನಿಯಾಗಿಯೇ ತೊಟ್ಟಿಕ್ಕುತ್ತಿದ್ದರೆ ಅದು ಆವಿಯ ಮಾತಲ್ಲ. ಕಾರನ್ನು ಚಾಲೂ ಮಾಡದೆ ತಿಳಿದವರನ್ನು ಕರೆಸಿ.

2. ಮುಚ್ಚಳದ ರಬ್ಬರ್ ಬಳೆಯನ್ನು ನೋಡಿ. ಬಿರುಕು, ಚಪ್ಪಟೆಯಾದ ಗುರುತು ಇದ್ದರೆ ಬದಲಿಸಿ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಇದು. ಮುಚ್ಚಳ ತೆರೆವಾಗ ಸಣ್ಣ ಸದ್ದು ಸಹಜ. 'ಬುಸ್' ಎಂದು ಜೋರಾಗಿ ಗಾಳಿಯನ್ನು ಒಳಗೆ ಎಳೆದುಕೊಂಡರೆ ಟ್ಯಾಂಕಿನ ಉಸಿರುದಾರಿ ಕಟ್ಟಿದೆ ಎಂದು ಅರ್ಥ.

3. ಉಸಿರುದಾರಿಯ ಬಾಯಿಯನ್ನು ಹುಡುಕಿ. ನಮ್ಮ ರಸ್ತೆಗಳ ಕೆಮ್ಮಣ್ಣು, ಕಣಜದ ಮಣ್ಣುಗೂಡು, ಜೇಡರ ಬಲೆ ಇವೆಲ್ಲ ಅಲ್ಲಿ ಸೇರಿಕೊಳ್ಳುತ್ತವೆ. ಇದನ್ನು ಹಾಸ್ಯವೆಂದುಕೊಳ್ಳಬೇಡಿ. 2011ರಲ್ಲಿ ಮಜ್ದಾ ಕಂಪನಿ ಅಮೆರಿಕದಲ್ಲಿ 50,000ಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಸಿಕೊಂಡದ್ದು ಇದೇ ಕಾರಣಕ್ಕೆ. ಒಂದು ಜಾತಿಯ ಜೇಡ ಈ ಕೊಳವೆಯಲ್ಲಿ ಬಲೆ ನೇಯ್ದು ಗಾಳಿ ತಡೆದರೆ ಟ್ಯಾಂಕು ಒಳಸೆಳೆತಕ್ಕೆ ಬಿರಿಯುವ ಅಪಾಯವಿತ್ತು.

4. ಪೈಪುಗಳನ್ನು ಕಣ್ಣಿನಿಂದಷ್ಟೇ ನೋಡದೆ ಅಡಿಭಾಗವನ್ನು ಬೆರಳಿನಿಂದ ಸವರಿ. ಬಾಗಿದ ಕಡೆ, ಕ್ಲಿಪ್ ಕಚ್ಚಿದ ಕಡೆ ರಬ್ಬರ್ ಮೊದಲು ಬಿರಿಯುತ್ತದೆ. ಇಲಿಯ ಹಲ್ಲಿನ ಗುರುತು, ಹಿಕ್ಕೆ ಕಂಡರೆ ತಂತಿಯನ್ನೂ ಪೈಪನ್ನೂ ಒಟ್ಟಿಗೇ ಪರೀಕ್ಷಿಸಿ.

5. ಪರ್ಜ್ ವಾಲ್ವು. ವಿದ್ಯುತ್ ಇಲ್ಲದಾಗ ಅದು ಮುಚ್ಚಿರಬೇಕು. ತಣ್ಣಗಿನ ಎಂಜಿನ್ನನ್ನು ಚಾಲೂ ಮಾಡಿ, ಡಬ್ಬಿಯ ಕಡೆಯಿಂದ ಬರುವ ಪೈಪನ್ನು ವಾಲ್ವಿನಿಂದ ಬಿಡಿಸಿ, ಆ ತುದಿಗೆ ಬೆರಳಿಟ್ಟು ನೋಡಿ. ಸೆಳೆತ ತಿಳಿದರೆ ವಾಲ್ವು ತೆರೆದೇ ನಿಂತಿದೆ. ಪೆಟ್ರೋಲ್ ತುಂಬಿಸಿದೊಡನೆ ಕಾರು ಚಾಲೂ ಆಗಲು ಸತಾಯಿಸಿದರೆ, ನಿಂತಲ್ಲಿ ಎಂಜಿನ್ ತಡವರಿಸಿದರೆ ಹೆಚ್ಚಾಗಿ ಇದೇ ಕಾರಣ. ಬಿಚ್ಚಿದ ವಾಲ್ವಿಗೆ 12 ವೋಲ್ಟ್ ಕೊಟ್ಟಾಗ 'ಟಕ್' ಎಂಬ ಸದ್ದಿನೊಂದಿಗೆ ಗಾಳಿ ಹಾಯಬೇಕು. ಹಾಯದಿದ್ದರೆ ಅದು ಮುಚ್ಚಿಯೇ ಕೆಟ್ಟಿದೆ, ಇದ್ದಿಲು ಬರಿದಾಗುತ್ತಿಲ್ಲ. ವಾಲ್ವಿನೊಳಗೆ ಕಪ್ಪು ಪುಡಿ ಕಂಡರೆ ಡಬ್ಬಿಯೊಳಗಿನ ಇದ್ದಿಲೇ ಒಡೆದು ಬರುತ್ತಿದೆ. ಆಗ ಮಾತ್ರ ಡಬ್ಬಿ ಬದಲಿಸುವ ಮಾತು.

6. ಇಷ್ಟಾದರೂ ಸಿಗದಿದ್ದರೆ ಹೊಗೆ ಪರೀಕ್ಷೆ. ಖನಿಜ ತೈಲದಿಂದ ತೆಳು ಹೊಗೆ ಎಬ್ಬಿಸಿ, ಅತ್ಯಲ್ಪ ಒತ್ತಡದಲ್ಲಿ ಆವಿಯ ಪೈಪಿಗೆ ಬಿಡುವ ಯಂತ್ರವಿದೆ. ತೂತು ಎಲ್ಲಿದೆಯೋ ಅಲ್ಲಿ ಹೊಗೆಯೆಳೆ ಏಳುತ್ತದೆ. ಊಹೆಯ ಮೇಲೆ ಭಾಗ ಬದಲಿಸುವ ಖರ್ಚಿಗಿಂತ ಈ ಪರೀಕ್ಷೆಯ ಖರ್ಚು ಕಡಿಮೆ.

ಈ ಕ್ರಮದಲ್ಲಿ ಭಾಗ ಬದಲಿಸುವುದು ಕೊನೆಯ ಮೆಟ್ಟಿಲು. ದೊಡ್ಡ ಸರ್ವೀಸ್ ಕೇಂದ್ರಗಳಲ್ಲಿ ಅದೇ ಮೊದಲ ಮೆಟ್ಟಿಲಾಗಿದೆ. ಕೋಡ್ ಓದು, ಅಳಿಸು, ದೂರು ನಿಲ್ಲದಿದ್ದರೆ ಇಡೀ ಸೆಟ್ಟು ಬದಲಿಸು. ಕೋಡ್ ಎಂಬುದು ದೋಷದ ಹೆಸರಲ್ಲ, ಕಂಪ್ಯೂಟರಿನ ಗುಮಾನಿ ಮಾತ್ರ. ಜ್ವರದ ರೋಗಿಯ ಕೈಯಿಂದ ಥರ್ಮಾಮೀಟರ್ ಕಿತ್ತುಕೊಂಡು ಜ್ವರ ಬಿಟ್ಟಿತು ಎನ್ನುವ ವೈದ್ಯನನ್ನು ನಾವು ಒಪ್ಪುತ್ತೇವೆಯೇ?

ಬೀಗ ಹಾಕಿದ ವಿದ್ಯೆ

ನಮ್ಮೂರ ಮೆಕ್ಯಾನಿಕ್ಕನಿಗೆ ಇನ್ನೊಂದು ಅಳಲಿದೆ. ಯಾವ ಮಾದರಿಯಲ್ಲಿ ಡಬ್ಬಿ ಎಲ್ಲಿದೆ, ಪೈಪುಗಳ ಜೋಡಣೆ ಹೇಗೆ, ವಾಲ್ವಿನ ತಂತಿಯಲ್ಲಿ ಎಷ್ಟು ಓಮ್ ಇರಬೇಕು ಎಂಬ ಮಾಹಿತಿ ಆತನ ಕೈಗೆ ಸಿಗುವುದಿಲ್ಲ. ಕಂಪನಿಗಳು ಅದನ್ನು ತಮ್ಮ ಅಧಿಕೃತ ಕೇಂದ್ರಗಳೊಳಗೇ ಇಟ್ಟುಕೊಳ್ಳುತ್ತವೆ. ಇದು ಬರಿಯ ಅಳಲಲ್ಲ. ಬಿಡಿಭಾಗ ಹಾಗೂ ತಪಾಸಣಾ ಸಲಕರಣೆಗಳನ್ನು ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ತಡೆದದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂ.ಗೂ ಮಿಕ್ಕ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. ದುರಸ್ತಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ರಚಿಸಿತು, ಅದೇ ವರ್ಷದ ಕೊನೆಗೆ ಜಾಲತಾಣವನ್ನೂ ತೆರೆಯಿತು. ಕ್ರಾಸಿನ ಗ್ಯಾರೇಜಿನವರೆಗೆ ಅದರ ಫಲ ಹರಿದು ಬಂದಿಲ್ಲ.

ಪರಿಸರದ ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಎಂದರೆ, ನಮ್ಮ ತಾಲ್ಲೂಕುಗಳಲ್ಲಿ ಹಳೆಯ ಕಾರುಗಳನ್ನು ಓಡುವಂತೆ ಇಟ್ಟಿರುವವರು ಈ ಸಣ್ಣ ಗ್ಯಾರೇಜಿನವರು. ಅವರಿಂದ ವಿದ್ಯೆ ಬಚ್ಚಿಟ್ಟರೆ ಅವರು ದೋಷ ಸರಿಪಡಿಸುವ ಬದಲು ವ್ಯವಸ್ಥೆಯನ್ನೇ ಕಿತ್ತುಹಾಕುತ್ತಾರೆ. ಡಬ್ಬಿ ತೆಗೆದು, ಪೈಪಿನ ಬಾಯಿಗೆ ಬೋಲ್ಟ್ ಬಿಗಿದು, ಟ್ಯಾಂಕಿನ ಉಸಿರನ್ನು ಬಯಲಿಗೆ ಬಿಟ್ಟ ಕಾರುಗಳನ್ನು ನಾನೇ ಕಂಡಿದ್ದೇನೆ. ಅದಕ್ಕೆ ಬೈಸಿಕೊಳ್ಳಬೇಕಾದವರು ಅವರೊಬ್ಬರೇ ಅಲ್ಲ.

'ಇದೆಲ್ಲ ಸಣ್ಣ ಸಂಗತಿ' ಎನ್ನುವವರಿಗೆ

ನಮ್ಮ ಬಳಗದ ಸಭೆಯಲ್ಲಿ ಈ ಮಾತೆತ್ತಿದಾಗ ಹಿರಿಯರೊಬ್ಬರು, "ಅಪ್ಪಿಕೋ ಕಂಡ ನೆಲ ಇದು. ಗಣಿ, ಅಣೆಕಟ್ಟು, ರಸ್ತೆ ಅಗಲೀಕರಣ ಎದುರಿಗಿರುವಾಗ ಪೈಪಿನ ತೂತಿನ ಬಗ್ಗೆ ಲೇಖನವೇ?" ಎಂದರು. ಅವರ ಮೇಲೆ ನನಗೆ ಗೌರವವಿದೆ. ಆದರೆ ಆ ಸಭೆಗೆ ಬಂದ ನಮ್ಮಲ್ಲಿ ಹೆಚ್ಚಿನವರು ಕಾರಿನಲ್ಲೇ ಬಂದಿದ್ದೆವು. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಮರಗಳನ್ನು ತಬ್ಬಿಕೊಂಡವರು ಅನ್ಯರ ಕೊಡಲಿಯನ್ನು ತಡೆದರು. ಇಲ್ಲಿ ತಡೆಯಬೇಕಾದದ್ದು ನಮ್ಮದೇ ಶೆಡ್ಡಿನಲ್ಲಿದೆ, ಆದ್ದರಿಂದಲೇ ಮಾತು ಕಹಿಯಾಗುತ್ತದೆ.

ಇನ್ನೊಬ್ಬ ಗೆಳೆಯರು ವಿಜ್ಞಾನದ ಆಕ್ಷೇಪ ಎತ್ತಿದರು. ಮರಗಳೇ ಹೈಡ್ರೋಕಾರ್ಬನ್ ಬಿಡುತ್ತವೆ, ಕಾಡಿನ ನಡುವೆ ಕಾರಿನ ಆವಿ ಯಾವ ಲೆಕ್ಕ ಎಂದರು. ಮರಗಳು ಬಿಡುವುದು ನಿಜ. 1980ರ ಚುನಾವಣೆಯ ಹೊತ್ತಿಗೆ ರೊನಾಲ್ಡ್ ರೇಗನ್ ಇದೇ ಅರ್ಥದ ಮಾತಾಡಿ ನಗೆಪಾಟಲಿಗೆ ಗುರಿಯಾದರು. ದಟ್ಟ ಕಾಡಿನಲ್ಲಿ ಓಝೋನ್ ಎಷ್ಟು ಹುಟ್ಟುತ್ತದೆಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ನೈಟ್ರೋಜನ್ ಆಕ್ಸೈಡು, ಅದು ಬರುವುದು ಎಂಜಿನ್ನಿನ ಉರಿಯಿಂದ ಎಂಬುದನ್ನೂ ಒಪ್ಪೋಣ. ಹೀಗಾಗಿ ಕಾಡಿನ ನಡುವಣ ಓಝೋನಿನ ಹೊಣೆಯನ್ನೆಲ್ಲ ಆವಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಮರಗಳ ಉಸಿರಿನಲ್ಲಿಲ್ಲದ ಬೆಂಝೀನ್ ಪೆಟ್ರೋಲಿನ ಆವಿಯಲ್ಲಿದೆ. ಪೆಟ್ರೋಲಿನಲ್ಲಿ ಅದು ಶೇ. 1ನ್ನು ಮೀರಬಾರದು ಎಂಬ ಮಿತಿಯಿದೆ, ಮಿತಿಯೊಳಗೂ ಇದ್ದೇ ಇದೆ. ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಸೇರಿಸಿದೆ. ಅದನ್ನು ಉಸಿರಾಡುವವರು ಬಂಕಿನ ಹುಡುಗರು, ಗ್ಯಾರೇಜಿನ ಕೆಲಸಗಾರರು, ಶೆಡ್ಡಿಗೆ ಹೊಂದಿಕೊಂಡ ಕೋಣೆಯಲ್ಲಿ ಮಲಗುವ ಮಕ್ಕಳು.

ವಿದ್ಯುತ್ ಕಾರು ಬಂದರೆ ಎಲ್ಲ ಮುಗಿಯುತ್ತದೆ ಎನ್ನುವವರಿದ್ದಾರೆ. ಬರಲಿ. ಆದರೆ ಇಂದು ಮಾರಾಟವಾಗುವ ಪೆಟ್ರೋಲ್ ಕಾರು ಇನ್ನೂ ಹದಿನೈದು ವರ್ಷ ನಮ್ಮ ಅಂಗಳದಲ್ಲಿರುತ್ತದೆ. ಈ ನಡುವೆ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ ಶೇ. 20ಕ್ಕೆ ಏರಿತು. ಅದೇ ಮೂಲ ಪೆಟ್ರೋಲಿಗೆ ಎಥನಾಲ್ ಬೆರೆಸಿದರೆ ಆವಿಯ ಒತ್ತಡ ಹೆಚ್ಚುತ್ತದೆ. ಹಳೆಯ ರಬ್ಬರ್ ಪೈಪುಗಳ ಗೋಡೆಯ ಮೂಲಕ ಇಂಧನ ಜಿನುಗುವುದೂ ಹೆಚ್ಚುತ್ತದೆ. ಪೈಪುಗಳನ್ನು ನೋಡಬೇಕಾದ ಕಾಲ ಇದೇ.

ನಮ್ಮ ಒತ್ತಾಯಗಳು

1. ಬಿಎಸ್ 6ರ ಮುಂದಿನ ಹಂತದ ಮಾನದಂಡದಲ್ಲಿ ಆವಿಯ ಸೋರಿಕೆಯನ್ನು ಕಾರೇ ಪತ್ತೆಹಚ್ಚುವ ವ್ಯವಸ್ಥೆ ಕಡ್ಡಾಯವಾಗಲಿ. ತಂತಿಯ ಸಂಪರ್ಕ ನೋಡಿದರೆ ಸಾಕೆಂಬ ರಿಯಾಯಿತಿ ಕೊನೆಗೊಳ್ಳಲಿ.

2. ಎಮಿಷನ್ ಟೆಸ್ಟ್ ಕೇಂದ್ರಗಳಲ್ಲಿ ಮುಚ್ಚಳ, ಪೈಪು, ಇದ್ದಿಲ ಡಬ್ಬಿಗಳ ಕಣ್ಣಳತೆಯ ತಪಾಸಣೆ ಕೂಡಲೇ ಆರಂಭವಾಗಲಿ. ಅಲ್ಪ ಒತ್ತಡದ ಪರೀಕ್ಷೆ ಹಂತಹಂತವಾಗಿ ಬರಲಿ.

3. ಆವಿ ನಿಯಂತ್ರಣಕ್ಕೆ ಸಂಬಂಧಿಸಿದ ನಕ್ಷೆ, ಅಳತೆ ಹಾಗೂ ದೋಷಪತ್ತೆಯ ಕ್ರಮವನ್ನು ಕಂಪನಿಗಳು ಎಲ್ಲ ಮೆಕ್ಯಾನಿಕ್ಕುಗಳಿಗೂ ಕನ್ನಡದಲ್ಲೇ ಒದಗಿಸಲಿ. ಪೈಪು, ವಾಲ್ವು, ಮುಚ್ಚಳದ ರಬ್ಬರ್ ಬಿಡಿಬಿಡಿಯಾಗಿ ಸಿಗಲಿ.

4. ತಾಲ್ಲೂಕಿಗೊಂದರಂತೆ ಐಟಿಐಗಳಲ್ಲಿ ಹೊಗೆ ಪರೀಕ್ಷೆಯ ಯಂತ್ರವಿರಲಿ, ಅದರ ತರಬೇತಿ ಸಣ್ಣ ಗ್ಯಾರೇಜಿನವರಿಗೂ ಸಿಗಲಿ.

5. ಬಂಕುಗಳಲ್ಲಿ ಪಂಪು ಮೊದಲ ಬಾರಿ ತಾನಾಗಿ ನಿಂತ ಮೇಲೆ 'ರೌಂಡ್ ಫಿಗರ್' ಮಾಡಲು ಮತ್ತೆ ಹಿಂಡುವ ಅಭ್ಯಾಸ ನಿಲ್ಲಲಿ. ಹಾಗೆ ಅಂಚಿನವರೆಗೆ ತುಂಬಿದ ಪೆಟ್ರೋಲು ದ್ರವವಾಗಿಯೇ ಇದ್ದಿಲ ಡಬ್ಬಿಗೆ ಇಳಿದು ಅದನ್ನು ಹಾಳುಮಾಡುತ್ತದೆ.

ಐದನೆಯದನ್ನು ಸರ್ಕಾರಕ್ಕೆ ಹೇಳುವ ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕು. "ಫುಲ್ ಮಾಡಪ್ಪ, ಇನ್ನೂ ಸ್ವಲ್ಪ ಹಿಡಿಯುತ್ತೆ" ಎನ್ನುವವರು ನಾವೇ ಅಲ್ಲವೇ?

ಮುಂಗಾರಿಗೆ ಮೊದಲು, ಬಳಗದ ಮುಂದಿನ ಸಭೆಯ ದಿನ ಒಂದು ತಾಸು ಮುಂಚೆ ಬನ್ನಿ. ಅಂಗಳದಲ್ಲಿ ಎಲ್ಲರ ಕಾರುಗಳ ಬಾನೆಟ್ಟು ತೆರೆದಿಡೋಣ. ನಮ್ಮೂರ ಮೆಕ್ಯಾನಿಕ್ಕನನ್ನು ಕರೆದು, ಆತನ ದಿನಗೂಲಿ ಕೊಟ್ಟು, ಒಂದೊಂದೇ ಪೈಪಿನ ಅಡಿಗೆ ಬೆರಳಾಡಿಸುವುದನ್ನು ಕಲಿಯೋಣ. ಎಷ್ಟು ಕಾರುಗಳಲ್ಲಿ ಸೋರಿಕೆ ಸಿಕ್ಕಿತು ಎಂಬುದನ್ನು ಬರೆದಿಟ್ಟು, ಆ ಪಟ್ಟಿಯನ್ನೇ ನಮ್ಮ ಒತ್ತಾಯಪತ್ರದ ಮೊದಲ ಪುಟವಾಗಿ ಸಾರಿಗೆ ಇಲಾಖೆಗೆ ಕಳಿಸೋಣ. ಅದರಲ್ಲಿ ಮೊದಲ ಸಾಲು ನನ್ನ ಕಾರಿನದೇ ಇರಲಿ.